ಅಕ್ರೋಟಿನ ಕಪ್ಪು

ಹರುದ್, ಅಂದರೆ ಎಲೆ ಉದುರುವ ಕಾಲ, ಬಂತೆಂದರೆ ಶ್ರೀನಗರದಲ್ಲಿ ಮನೆ ಬಿಟ್ಟು ಕದಲದವರು ಇಬ್ಬರೇ: ಬಾಣಂತಿ, ಮತ್ತು ನಮ್ಮ ಮಕ್ಬೂಲ್. ಮಿಕ್ಕವರೆಲ್ಲ ಸಮಾವಾರ್ ಹೂಜಿಗೆ ಕೆಂಡ ತುಂಬಿ, ಉಪ್ಪಿನ ಚಹಾ ಕಾಯಿಸಿ, ಕುಲ್ಚಾ ರೊಟ್ಟಿ ಗಂಟು ಕಟ್ಟಿಕೊಂಡು, ಚಿನಾರ್ ಎಲೆ ಕೆಂಪಾಗಿ ಉದುರುವುದನ್ನು ನೋಡಲು ನಿಶಾತ್ ತೋಟಕ್ಕೆ ಹೊರಟುಬಿಡುತ್ತಾರೆ. ಇನ್ನು ಸ್ವಲ್ಪ ದಿನಕ್ಕೆ ಚಳಿ ಬಂದು ಎಲ್ಲರನ್ನೂ ನಿಲುವಂಗಿಯೊಳಗೆ ಹಿಡಿದುಕೊಳ್ಳುವ ಕಾಂಗಡಿ ಎಂಬ ಕೆಂಡದ ಬುಟ್ಟಿಗೆ ಕಟ್ಟಿಹಾಕುತ್ತದೆ. ಅಷ್ಟರೊಳಗೆ ಕಣ್ಣಿಗೆ ಕಾಲಿಗೆ ಸಿಕ್ಕಿದಷ್ಟು ಲಾಭ. ಮಂಡಿ ನೋವಿನ ಅಜ್ಜಂದಿರೂ ಆ ದಿನಗಳಲ್ಲಿ ಸರೋವರದ ದಂಡೆಯ ಮೇಲೆ ಕೈ ಹಿಂದೆ ಕಟ್ಟಿಕೊಂಡು ಮದುಮಗನ ಹಾಗೆ ನಡೆಯುತ್ತಾರೆ.

ಮಕ್ಬೂಲ್ ಮಾತ್ರ ಈಚೆ ದಂಡೆಯಲ್ಲಿ ಹಗ್ಗ ಸಡಿಲಿಸುತ್ತಿರುತ್ತಾನೆ.

ಹರುದ್‌ನಲ್ಲಿ ಸರೋವರದ ನೀರು ದಿನದಿನಕ್ಕೆ ಇಳಿಯುತ್ತದೆ. ನೀರು ಇಳಿದ ಹಾಗೆ ದೋಣಿಮನೆಯ ಹಗ್ಗ ಬಿಗಿಯುತ್ತದೆ. ಬೆಳಿಗ್ಗೆ ಎದ್ದು ಗೂಟದಿಂದ ಗೂಟಕ್ಕೆ ಹೋಗಿ ಒಂದೊಂದು ಹಗ್ಗವನ್ನೂ ಒಂದೊಂದು ಗೇಣು ಬಿಡದೆ ಹೋದರೆ ದೋಣಿ ಒಂದು ಪಕ್ಕಕ್ಕೆ ವಾಲಿ, ಒಳಗಿನ ಪಿಂಗಾಣಿ, ಕನ್ನಡಿ, ದೆಹಲಿಯ ಪ್ರವಾಸಿಗಳು ಎಲ್ಲ ಒಂದೇ ಮೂಲೆಗೆ ಜಾರುತ್ತಾರೆ. ಅದು ಗಂಡಾಳಿನ ಕೆಲಸ. ಆ ದೋಣಿಯಲ್ಲಿದ್ದ ಗಂಡಾಳು ಮಕ್ಬೂಲ್ ಒಬ್ಬನೇ.

ದೋಣಿಯ ಹೆಸರು ‘ನ್ಯೂ ಸನ್‌ಶೈನ್ ಪ್ಯಾಲೇಸ್’. ಮಧ್ಯಾಹ್ನದವರೆಗೆ ಅತ್ತ ಬಿಸಿಲು ಸುಳಿಯುವುದಿಲ್ಲ, ಹೊಸದಂತೂ ಅಲ್ಲವೇ ಅಲ್ಲ. ಅದರ ಯಜಮಾನ ಖಜಿರ್ ಹಾಜಿ. ಅವನಿಗೆ ಗಂಡು ಸಂತಾನವಿಲ್ಲ, ಹಜರಾ ಒಬ್ಬಳೇ ಮಗಳು. ಮಗಳನ್ನು ಕೊಟ್ಟು ಕಳಿಸಿದರೆ ದೋಣಿ ನೋಡುವವರಾರು ಎಂದು ಖಜಿರ್ ಹಾಜಿ ಬೆಟ್ಟದ ಮೇಲಿನ ದೂನಪೋರದಿಂದ, ಮರದಿಂದ ಅಕ್ರೋಟು ಬಡಿದು ಉದುರಿಸುತ್ತಿದ್ದ ಒಬ್ಬ ಹುಡುಗನನ್ನು ಮನೆ ಅಳಿಯನಾಗಿ ತಂದುಕೊಂಡ. ಇದು ಇಪ್ಪತ್ತು ಚಿಲ್ಲರೆ ವರ್ಷದ ಹಿಂದಿನ ಮಾತು. ಮನೆ ಅಳಿಯ ಬಾಗಿಲ ನಾಯಿ ಎಂದು ನಮ್ಮಲ್ಲೊಂದು ಗಾದೆ. ಮಕ್ಬೂಲನ ಮುಂದೆ ಅದನ್ನು ಯಾರೂ ಪೂರ್ತಿ ಹೇಳುವುದಿಲ್ಲ, ಅರ್ಧ ಹೇಳಿ ಕೆಮ್ಮುತ್ತಾರೆ. ರೊಟ್ಟಿ ಅಂಗಡಿಯವನಿಗಂತೂ ಆ ದಾಕ್ಷಿಣ್ಯವೂ ಇಲ್ಲ.

“ಬಾರೋ ಖಜಿರನ ಅಳಿಯ, ಇವತ್ತು ರೊಟ್ಟಿ ಎಷ್ಟು? ಮಾವನ್ನ ಕೇಳ್ಕೊಂಡು ಬಂದ್ಯಾ, ಇಲ್ಲಾ ಮತ್ತೆ ಓಡ್ತೀಯಾ?”

“ನಿನ್ನ ಹೆಂಡ್ತಿ ನಿಂಗೆ ಎಷ್ಟು ಕೊಡು ಅಂದಿದಾಳೋ ಅಷ್ಟು ಕೊಡು,” ಎಂದು ಮಕ್ಬೂಲ್ ನಗುತ್ತಾನೆ. ನಗು ಬಿಟ್ಟರೆ ಅವನ ಸ್ವಂತದ್ದು ಎನ್ನುವುದು ಬೇರೇನೂ ಉಳಿದಿರಲಿಲ್ಲ. ಅವನ ಹೆಸರು ಮಕ್ಬೂಲ್ ಎಂದು ಅಂಚೆಯವನಿಗೂ ಗೊತ್ತಿರಲಿಲ್ಲ.

ಮಾವ ಕೆಟ್ಟವನೇನಲ್ಲ. ಹೊಟ್ಟೆಗೆ ಬಟ್ಟೆಗೆ ಕಡಿಮೆ ಮಾಡಿದವನಲ್ಲ. ಆದರೆ ಎಲ್ಲ ಕಾಲಕ್ಕೂ ಅವನ ಬಳಿ ಒಂದೊಂದು ಕಾರಣ ಸಿದ್ಧವಾಗಿರುತ್ತಿತ್ತು. ವಸಂತದಲ್ಲಿ ಅತಿಥಿಗಳು, ಬೇಸಿಗೆಯಲ್ಲಿ ಇನ್ನಷ್ಟು ಅತಿಥಿಗಳು, ಚಳಿಗಾಲದಲ್ಲಿ ಸೂರಿನ ಮೇಲಿನ ಹಿಮ ಗೋರದಿದ್ದರೆ ದೋಣಿ ಮುಳುಗುತ್ತದೆ, ಹರುದ್‌ನಲ್ಲಿ ಹಗ್ಗ. ಮದುವೆಯಾದ ಮೊದಲ ಹರುದ್‌ನಲ್ಲಿ ಮಕ್ಬೂಲ್ ಊರಿಗೆ ಹೋಗಿಬರುತ್ತೇನೆ ಎಂದ. “ಮುಂದಿನ ವರ್ಷ ಹೋಗೋವಂತೆ ಬಿಡಪ್ಪ” ಎಂದ ಮಾವ. ಆ ಮುಂದಿನ ವರ್ಷ ಇನ್ನೂ ಬಂದಿಲ್ಲ.

ಒಮ್ಮೆ ಮಾತ್ರ ಹೋಗಿದ್ದ. ಅವನ ತಾಯಿ ತೀರಿಕೊಂಡದ್ದು ಹರುದ್‌ನಲ್ಲೇ. ಸುದ್ದಿ ತಲುಪಿ ಅವನು ಬೆಟ್ಟ ಹತ್ತುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಗೋರಿಯ ಹಸಿ ಮಣ್ಣಿನ ಮೇಲೆ ಅಕ್ರೋಟಿನ ಎಲೆಗಳು ಬಿದ್ದಿದ್ದವು. ಅವುಗಳನ್ನು ಆರಿಸುತ್ತ ಕೂತಿದ್ದವನು, ದೋಣಿಗೆ ಕಲ್ಕತ್ತೆಯ ಅತಿಥಿಗಳು ಬರುವವರಿದ್ದಾರೆ ಎಂಬುದು ನೆನಪಾಗಿ ಅಂದು ಸಂಜೆಯೇ ಎದ್ದು ಬಂದ. ಯಾರೂ ಬಾ ಎಂದಿರಲಿಲ್ಲ. ಅದನ್ನು ನೆನೆದಾಗಲೆಲ್ಲ ಅವನಿಗೆ ಮಾವನ ಮೇಲಲ್ಲ, ತನ್ನ ಮೇಲೇ ಹೇಸಿಗೆಯಾಗುತ್ತಿತ್ತು. ಬಿಟ್ಟರೂ ಓಡಿಹೋಗದೆ ಕೊಟ್ಟಿಗೆಗೆ ಬರುವ ಎತ್ತು ತಾನು ಅನ್ನಿಸುತ್ತಿತ್ತು.

ಬಿಟ್ಟುಹೋಗಬಹುದಿತ್ತಲ್ಲ ಎಂದು ಕೇಳುವವರುಂಟು. ಹೇಳುವುದು ಸುಲಭ. ಹಜರಾಳನ್ನು ಅವನು ಮೆಚ್ಚಿದ್ದ. ಅವಳೂ ಅವನನ್ನು ಗಂಡ ಎಂದೇ ನಡೆಸಿಕೊಂಡಳು, ಮಾವನ ಆಳು ಎಂದಲ್ಲ. ಮಗಳು ಮಸರತ್ ಹುಟ್ಟಿದ ಮೇಲಂತೂ ಹೋಗುವ ಮಾತೇ ಇರಲಿಲ್ಲ. ಹೊರಗಿನ ಹಗ್ಗವನ್ನಾದರೆ ಬೆಳಿಗ್ಗೆ ಎದ್ದು ಸಡಿಲಿಸಬಹುದು.

ಆ ಮಸರತ್‌ಗೂ ತಮ್ಮಂದಿರು ಹುಟ್ಟಲಿಲ್ಲ. ಈ ಸಲ ಅಕ್ರೋಟಿನ ಕಾಲದಲ್ಲಿ ಖಜಿರ್ ಹಾಜಿ ಅಳಿಯನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ. ಬೆನ್ನು ಹಿಡಿದುಹೋಗಿ ಅವನು ಎರಡು ದಿಂಬಿನ ನಡುವೆ ಬಾದಶಹನ ಹಾಗೆ ಕೂತಿರುತ್ತಿದ್ದ.

“ಮಕ್ಬೂಲಾ, ನಮ್ಮ ಮಸರತ್‌ಗೆ ಹುಡುಗನ್ನ ನೋಡಿದೀನಿ. ನಿಮ್ಮ ದೂನಪೋರದ ಕಡೆಯವನೇ. ತನ್ವೀರ್ ಅಂತ. ಅಪ್ಪ ಇಲ್ಲ, ತಾಯಿ, ಅಣ್ಣಂದಿರು. ದೋಣಿಗೇ ಬಂದಿರ್ತಾನೆ.”

“ಮನೆ ಅಳಿಯನಾ?”

“ಮನೆ ಅಳಿಯ ಅಂತ್ಯಾಕಂತೀಯ? ಮನೆ ಮಗ ಅನ್ನು.”

ಅಳಿಯ ಅಲ್ಲ, ಮಗಳ ಗಂಡ ಎಂದ ಹಾಗಾಯಿತು. ಮಾವ ಮಕ್ಬೂಲನ ಮೊಣಕಾಲ ಮೇಲೆ ಕೈಯಿಟ್ಟು, “ನೀನೂ ದಣಿದಿದೀಯ. ದೋಣಿಗೊಬ್ಬ ಗಂಡಸು ಇದ್ರೆ ಸಾಕು ನಂಗೆ. ಅವನು ಬರ್ಲಿ. ಬರೋ ವರ್ಷದಿಂದ ಹರುದ್ ಪೂರ್ತಿ ನೀನು ನಿನ್ನೂರಲ್ಲಿ ಇದ್ದು ಬಾ. ಅಕ್ರೋಟು ಬಡಿ, ಓಡಾಡು. ಯಾರು ಬೇಡ ಅಂತಾರೆ?” ಎಂದ.

ಮಕ್ಬೂಲ್ ಹೊರಗೆ ಬಂದು ಸಂತೋಷದಲ್ಲಿ ಒಂದೇ ಹಗ್ಗವನ್ನು ಎರಡು ಸಲ ಸಡಿಲಿಸಿದ. ಆ ವಾರವೆಲ್ಲ ಅವನು ತಲೆಯೊಳಗೆ ದೂನಪೋರದ ದಾರಿಗಳನ್ನು ಒಂದೊಂದಾಗಿ ನಡೆದ. ಹೊಳೆಯ ಪಕ್ಕದ್ದು, ಮಸೀದಿಯ ಹಿಂದಿನದು, ಮಂಜು ಬೀಳುವ ಮೊದಲು ಕುರಿಗಾಹಿಗಳು ಇಳಿಯುವ ದಾರಿ.

“ಏನು, ಮದುವೆ ಮಗಳಿಗೋ ನಿಮಗೋ?” ಎಂದಳು ಹಜರಾ. ಅವಳು ಬದನೆಕಾಯಿ ಸೀಳಿ ಚಳಿಗಾಲಕ್ಕೆಂದು ದಾರಕ್ಕೆ ಪೋಣಿಸುತ್ತಿದ್ದಳು. “ಸೀಟಿ ಹೊಡೀತಿದೀರ!”

“ನಾನಾ? ಇಲ್ವಲ್ಲ.”

“ಮತ್ತೆ ಈ ಬದನೆಕಾಯಿ ಹೊಡೀತಾ? ಸೀಟಿ ಹೊಡೆಯೋ ಬದನೆಕಾಯಿ ನಾನಿನ್ನೂ ನೋಡಿಲ್ಲ.”

ಹುಡುಗ ಹುಡುಗಿಯನ್ನು ನೋಡುವ ಶಾಸ್ತ್ರ ನಮ್ಮಲ್ಲಿ ಮನೆಯಲ್ಲಿ ಆಗುವುದಿಲ್ಲ. ಒಪ್ಪಿಗೆಯಾಗದಿದ್ದರೆ ಮರ್ಯಾದೆ ಹೋಗುತ್ತದೆ ಎಂದು ತೋಟಕ್ಕೋ ದರ್ಗಾಕ್ಕೋ ಹೋಗಿ, ಆಕಸ್ಮಿಕವಾಗಿ ಸಿಕ್ಕವರ ಹಾಗೆ ನಟಿಸುತ್ತಾರೆ. ಹರುದ್ ಅದಕ್ಕೆ ಹೇಳಿ ಮಾಡಿಸಿದ ಕಾಲ. ಒಂದು ಶುಕ್ರವಾರ ನೆರೆಯ ದೋಣಿಯವನಿಗೆ ಆ ದಿನದ ಮಟ್ಟಿಗೆ ಹಗ್ಗ ಒಪ್ಪಿಸಿ, ಎರಡು ಶಿಕಾರಾ ದೋಣಿಗಳಲ್ಲಿ ಎಲ್ಲರೂ ನಿಶಾತ್‌ಗೆ ಹೊರಟರು. ಹಾಜಿಯನ್ನು ಹೊತ್ತುಕೊಂಡು ಮೆಟ್ಟಿಲು ಹತ್ತಿಸಿ, ಕೆಳಗಿನ ಅಂಗಳದ ಚಿನಾರ್ ಅಡಿ ಜಮಖಾನ ಹಾಸಿ ಕೂರಿಸಿದರು.

ತೋಟ ಆ ದಿನ ಹೊತ್ತಿ ಉರಿಯುತ್ತಿತ್ತು. ಬೆಟ್ಟದ ಬುಡದಿಂದ ಸರೋವರದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಅಂಗಳಗಳ ತುಂಬ ಕೆಂಪು, ಕಂದು, ಅರಿಸಿನದ ಬಣ್ಣದ ಎಲೆ. ಮಕ್ಕಳು ಎಲೆ ರಾಶಿಗೆ ಬೀಳುತ್ತಿದ್ದರು. ಅವರು ಬಿದ್ದು ಕೆಡಿಸಿದ ರಾಶಿಯನ್ನು ಕಾಂಗಡಿಯ ಇದ್ದಿಲಿಗೆಂದು ಗುಡಿಸುತ್ತಿದ್ದ ಹೆಂಗಸರು ಬೈಯುತ್ತಿದ್ದರು. ಮಕ್ಬೂಲ್ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದ. ಪಾದದ ಕೆಳಗೆ ಎಲೆ ಮುರಿಯುವ ಸದ್ದು ಕೇಳಿ ಎಷ್ಟು ಕಾಲವಾಗಿತ್ತೋ. ಪ್ರತಿದಿನ ನೀರಿನಾಚೆಯಿಂದ ನೋಡುತ್ತಿದ್ದ ಕೆಂಪು ಈಗ ಅವನ ತಲೆಯ ಮೇಲೇ ಬೀಳುತ್ತಿತ್ತು. ಒಂದು ಎಲೆ ಅವನ ಫೆರನ್ ನಿಲುವಂಗಿಯ ಕುತ್ತಿಗೆಯೊಳಗೆ ಇಳಿಯಿತು. ಅವನು ಅದನ್ನು ತೆಗೆಯಲಿಲ್ಲ. ಇನ್ನೊಂದೇ ವರ್ಷ ಎಂದುಕೊಂಡ. ಆಮೇಲೆ ಇದೆಲ್ಲ ನನ್ನದು.

ಅಷ್ಟರಲ್ಲಿ ಹುಡುಗನ ಕಡೆಯವರು ‘ಆಕಸ್ಮಿಕವಾಗಿ’ ಬಂದರು. ತಾಯಿ, ಅಣ್ಣ, ತನ್ವೀರ್. ಎತ್ತರದ ಹುಡುಗ. ಚಹಾದ ಬಟ್ಟಲು ಕೊಟ್ಟರೆ ಬೇಡವೆಂದ, ಕುಲ್ಚಾ ಬೇಡವೆಂದ. ಎರಡೂ ಕೈಗಳನ್ನು ಫೆರನ್ನಿನೊಳಗೆ ಅವಿತಿಟ್ಟುಕೊಂಡು ಕೂತಿದ್ದ. ಕಾಂಗಡಿ ಇರಬೇಕೆಂದು ಎಲ್ಲರೂ ಅಂದುಕೊಂಡರು. ಮಕ್ಬೂಲ್ ಅಂದುಕೊಳ್ಳಲಿಲ್ಲ.

ಹಸಿ ಅಕ್ರೋಟಿನ ಸಿಪ್ಪೆ ಸುಲಿದವರ ಕೈ ಮಸಿಯಾಗುತ್ತದೆ. ಸೋಪಿಗೆ ಹೋಗುವುದಿಲ್ಲ, ಬೂದಿಗೆ ಹೋಗುವುದಿಲ್ಲ. ಇಪ್ಪತ್ತು ಚಿಲ್ಲರೆ ವರ್ಷದ ಹಿಂದೆ ಇದೇ ತೋಟದಲ್ಲಿ, ಇದೇ ಮುದುಕನ ಮುಂದೆ ಇನ್ನೊಬ್ಬ ಹುಡುಗ ಹೀಗೆಯೇ ಕೈ ಬಚ್ಚಿಟ್ಟುಕೊಂಡು ಚಹಾ ಬೇಡವೆಂದಿದ್ದ.

“ಹೋಗಿ, ಮಾವ ಅಳಿಯ ಸ್ವಲ್ಪ ಅಡ್ಡಾಡಿ ಬನ್ನಿ,” ಎಂದ ಹಾಜಿ.

ಇಬ್ಬರೂ ಕಾಲುವೆಯ ಪಕ್ಕದಲ್ಲಿ ಮೇಲಿನ ಅಂಗಳಕ್ಕೆ ಹತ್ತಿದರು. ಅಲ್ಲಿಂದ ಇಡೀ ಸರೋವರ ಕಾಣುತ್ತದೆ. ಬಿಸಿಲು ಇಳಿಯುತ್ತಿತ್ತು, ಆಚೆ ದಂಡೆಯಲ್ಲಿ ದೋಣಿಮನೆಗಳ ಸಾಲು.

“ಕೈ ತೆಗಿಯಪ್ಪ ಹೊರಗೆ,” ಎಂದ ಮಕ್ಬೂಲ್. “ನಾನೂ ದೂನಪೋರದವನೇ.”

ತನ್ವೀರ್ ನಾಚಿಕೊಂಡು ಕೈ ತೆಗೆದ. ಉಗುರಿನ ಸಂದಿಯಲ್ಲಿ, ಬೆರಳ ಗೆರೆಗಳಲ್ಲಿ ಇನ್ನೂ ಕಪ್ಪಿತ್ತು. “ಈ ವರ್ಷ ಫಸಲು ಜಾಸ್ತಿ ಬಂತು ಕಾಕಾ. ನಮ್ಮಮ್ಮ ನಿಂಬೆಹಣ್ಣು ಹಚ್ಚಿ ತಿಕ್ಕಿದ್ಲು, ಹೋಗ್ಲಿಲ್ಲ.”

“ಹೋಗಲ್ಲ ಅದು.” ಮಕ್ಬೂಲ್ ಸರೋವರದಾಚೆಗೆ ಕೈ ತೋರಿಸಿದ. “ನೋಡು, ಒಂದು ಮಾತು ಹೇಳ್ತೀನಿ. ಅಗೋ, ಮೂರನೇದು ನಮ್ಮ ದೋಣಿ. ಅದರ ಒಳಗೆ ಹೋದ್ರೆ ಹೋದ ಹಾಗೇನೇ. ಇಲ್ಲಿಗೆ ಬರೋಕೂ ಆಗಲ್ಲ, ಊರಿಗೆ ಹೋಗೋಕೂ ಆಗಲ್ಲ. ನಾನು ಈ ತೋಟ ನೋಡ್ತಿರೋದು ನನ್ನ ಮದುವೆ ಮಾತಾದಾಗ ಬಿಟ್ರೆ ಇವತ್ತೇ. ಯೋಚನೆ ಮಾಡು. ಬೇಡ ಅನ್ನಿಸಿದ್ರೆ ಈಗಲೇ ಬೇಡ ಅನ್ನು. ಯಾರೂ ಏನೂ ತಪ್ಪು ತಿಳ್ಕೊಳಲ್ಲ.”

ಹುಡುಗ ಥಟ್ಟನೆ ನಿಂತ. ಅವನ ಮುಖದ ಮೇಲೆ ಹೆದರಿಕೆಯೂ, ಆಮೇಲೆ ಒಂದು ಜಾಣತನವೂ ಬಂದವು. ಇದು ಪರೀಕ್ಷೆ ಎಂದು ಅವನು ತಿಳಿದುಕೊಂಡಿದ್ದ. ಹುಡುಗಿಯ ಅಪ್ಪ ಹುಡುಗನ ಮನಸ್ಸು ಹಿಂಡಿ ನೋಡುವುದು ನಮ್ಮಲ್ಲಿ ಇದ್ದದ್ದೇ.

“ಇಲ್ಲ ಕಾಕಾ, ನಾನೆಲ್ಲಿಗೂ ಹೋಗಲ್ಲ,” ಎಂದು ತಲೆ ತಗ್ಗಿಸಿ, ಯಾರೋ ಕಲಿಸಿ ಕಳಿಸಿದ್ದನ್ನು ಒಪ್ಪಿಸಿದ. “ಊರು ಮರೆತುಬಿಡ್ತೀನಿ. ನೀವು ಕೂರು ಅಂದ ಕಡೆ ಕೂರ್ತೀನಿ. ನಿಮ್ಮ ಮಾತು ಮೀರಲ್ಲ.”

ಮಕ್ಬೂಲ್‌ಗೆ ಕೆನ್ನೆಗೆ ಹೊಡೆದ ಹಾಗಾಯಿತು. ಈ ಹುಡುಗನ ಕಣ್ಣಿಗೆ ತಾನು ಸಿಕ್ಕಿಬಿದ್ದವನಲ್ಲ, ಬೀಗ ಹಾಕುವವನು! ಊರು ಮರೆತುಬಿಡ್ತೀನಿ ಎಂದು ಹೇಳಿದವನು ಮಾತು ಮುಗಿದದ್ದೇ ತಡ, ಬೆಟ್ಟದ ಕಡೆಗೆ ಒಮ್ಮೆ ತಿರುಗಿ ನೋಡಿದ. ದೂನಪೋರ ಆ ದಿಕ್ಕಿಗೇ ಇರುವುದು.

ಹಿಂದಿರುಗುವಾಗ ಶಿಕಾರಾದಲ್ಲಿ ಮಸರತ್ ಅಪ್ಪನ ಎದುರು ಕೂತಿದ್ದಳು. “ಅಬ್ಬಾ, ಆ ಹುಡುಗ ನನ್ನ ಮುಖಾನೇ ನೋಡ್ಲಿಲ್ಲ. ಚಿನಾರ್ ನೋಡಿದ್ದೇ ನೋಡಿದ್ದು. ನಂಗೇನೋ ಹಿಡಿಸಿದ. ಚಿನಾರ್ ಒಪ್ಪಿತೋ ಇಲ್ವೋ ಕೇಳ್ಕೊಂಡು ಬನ್ನಿ,” ಎಂದು ನಕ್ಕಳು. ಮಕ್ಬೂಲ್ ಜೋರಾಗಿ ಹುಟ್ಟು ಹಾಕತೊಡಗಿದ.

ಅಂದಿನಿಂದ ಅವನಿಗೆ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ, ನುಂಗಲೂ ಆಗದು, ಉಗುಳಲೂ ಆಗದು. ಸುಮ್ಮನಿದ್ದರೆ ಬರುವ ಹರುದ್ ಅವನದು. ಬಾಯಿ ಬಿಟ್ಟರೆ ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ. ಒಂದು ಬೆಳಿಗ್ಗೆ ಧೈರ್ಯ ಮಾಡಿ, “ಮಾವ, ಹುಡುಗನ್ನೂ ಆಗಾಗ ಊರಿಗೆ ಕಳಿಸೋ ಹಾಗಿದ್ರೆ…” ಎಂದು ಶುರು ಮಾಡಿದ.

“ದೋಣಿ ಯಾರದು ಮಕ್ಬೂಲಾ?” ಎಂದ ಹಾಜಿ. ದನಿ ಏರಿಸಲಿಲ್ಲ. ದಿಂಬು ಸರಿಮಾಡು ಎನ್ನುವ ಹಾಗೆ ಕೇಳಿದ.

ಮಕ್ಬೂಲ್ ಎದ್ದು ಬಂದ. ಸರಿ, ನನಗೇಕೆ ಬೇಕು ಈ ಉಸಾಬರಿ ಎಂದುಕೊಂಡ. ಬೇಡ ಅನ್ನು ಎಂದೆ, ಅವನು ಅನ್ನಲಿಲ್ಲ. ನನಗೆ ಹೀಗೆ ಹೇಳುವವರೂ ಇರಲಿಲ್ಲ. ಹೀಗೆಲ್ಲ ಹೇಳಿಕೊಂಡು ಮನಸ್ಸನ್ನು ಗಟ್ಟಿ ಮಾಡಿಕೊಂಡ. ಮತ್ತೆ ದೂನಪೋರದ ದಾರಿ ನಡೆಯಲು ನೋಡಿದರೆ, ಮುಂದೆ ಮುಂದೆ ಆ ಹುಡುಗನ ಬೆನ್ನು ಕಾಣುತ್ತಿತ್ತು.

ಚಿನಾರ್‌ಗಳಲ್ಲಿ ಕೊನೆಯ ಎಲೆಗಳಿದ್ದಾಗ ನಿಕಾಹ್ ಇಟ್ಟುಕೊಂಡರು. ದೋಣಿಯ ನಡುಮನೆಯಲ್ಲಿ ಗಂಡಸರೆಲ್ಲ ಸೇರಿದ್ದರು. ಒಳಕೋಣೆಯಲ್ಲಿ ಹೆಂಗಸರು ಮಸರತ್‌ಳನ್ನು ಸುತ್ತಿಕೊಂಡು ಹಾಡುತ್ತಿದ್ದರು. ಮೌಲ್ವಿ ಸಾಹೇಬರು ಗಂಟಲು ಸರಿಮಾಡಿಕೊಂಡು, “ಹುಡುಗಿ ಕಡೆಯಿಂದ ಒಪ್ಪಿಗೆ ಯಾರದು?” ಎಂದರು.

“ನನ್ನದೇ. ಶುರು ಮಾಡಿ,” ಎಂದ ಖಜಿರ್ ಹಾಜಿ.

“ನೀವು ಅಜ್ಜ, ಹಾಜಿ ಸಾಬ್. ಅಪ್ಪ ಬದುಕಿರೋವಾಗ ಅಜ್ಜನ ಮಾತು ನಡೆಯಲ್ಲ. ಅಪ್ಪ ಎಲ್ಲಿ?”

ಎಲ್ಲರೂ ಹುಡುಕಿದರು. ಅಪ್ಪ ಬಾಗಿಲ ಬಳಿ ಬಂದವರ ಚಪ್ಪಲಿ ಜೋಡಿಸುತ್ತಿದ್ದ. ಕೈ ಒರೆಸಿಕೊಂಡು ಒಳಗೆ ಬಂದು ಮೌಲ್ವಿಯ ಮುಂದೆ ಕೂತ. ಎದುರಿಗೇ ತನ್ವೀರ್. ಹಾಜಿಯ ಕಡೆಯವರು ಮದುಮಗನ ಕೈ ಹಾಗಿರಬಾರದು ಎಂದು ಸುಣ್ಣ, ಬೂದಿ, ಕಲ್ಲು ಹಾಕಿ ತಿಕ್ಕಿಸಿದ್ದರು. ಮೊಣಕಾಲ ಮೇಲಿಟ್ಟುಕೊಂಡಿದ್ದ ಅವನ ಕೈಗಳಲ್ಲಿ ಕಪ್ಪಿರಲಿಲ್ಲ, ಚರ್ಮ ಸುಲಿದು ಕೆಂಪಗಾಗಿದ್ದವು.

“ಮಕ್ಬೂಲ್ ಸಾಹೇಬ್ರೇ, ನಿಮ್ಮ ಮಗಳನ್ನ ಈ ಹುಡುಗನಿಗೆ ಕೊಡೋಕೆ ಒಪ್ಪಿಗೇನಾ?”

ಸಾಹೇಬ್ರೇ! ಆ ದೋಣಿಯಲ್ಲಿ ಮರ್ಯಾದೆಯಿಂದ ಅವನ ಹೆಸರು ಹಿಡಿದು, ಅವನ ಮಾತಿಗಾಗಿ ಒಂದು ಕೋಣೆ ಕಾಯುತ್ತಿದ್ದದ್ದು ಅದೇ ಮೊದಲು. ಅದೇ ಕೊನೆ ಎಂಬುದೂ ಅವನಿಗೆ ಗೊತ್ತಿತ್ತು. ಅವನು ಹುಡುಗನ ಕೈ ನೋಡಿದ.

“ಒಪ್ಪಿಗೆ. ಒಂದು ಷರತ್ತಿದೆ,” ಎಂದ. “ಪ್ರತಿ ಹರುದ್, ಅಕ್ರೋಟು ಬಡಿಯೋ ದಿನದಿಂದ ಎಲೆ ಉದುರಿ ಮುಗಿಯೋ ತನಕ, ಹುಡುಗ ಅವನ ಊರಲ್ಲಿ ಇರ್ಬೇಕು. ನನ್ನ ಮಗಳು ಅವನ ಜೊತೆ ಇರ್ಬೇಕು. ಯಾರೂ ತಡೀಬಾರ್ದು. ಸಾಕ್ಷಿಗಳ ಮುಂದೆ ಬರೀರಿ.”

ಒಳಗಿನ ಹಾಡು ನಿಂತಿತು. ಹಾಜಿ ದಿಂಬು ಬಿಟ್ಟು ನೆಟ್ಟಗಾದ, ಬೆನ್ನು ನೋವೂ ಮರೆತಿತ್ತು. “ಏನೋ ಇದು? ಹರುದ್‌ನಲ್ಲಿ ಹಗ್ಗ ನಿಮ್ಮಪ್ಪ ಸಡಿಲಿಸ್ತಾನಾ?”

“ನಾನಿದೀನಲ್ಲ ಮಾವ,” ಎಂದ ಮಕ್ಬೂಲ್.

ಮೌಲ್ವಿ ಸಾಹೇಬರು ಹಾಜಿಯನ್ನು ನೋಡಲಿಲ್ಲ, ಲೇಖನಿ ಎತ್ತಿಕೊಂಡರು. ಅಷ್ಟು ಜನರ ಎದುರು ಮೊಮ್ಮಗಳ ನಿಕಾಹ್ ಮುರಿಯಲು ಹಾಜಿಗೂ ಧೈರ್ಯವಿರಲಿಲ್ಲ. ತನ್ವೀರ್ ಮಾತ್ರ ಬಾಯಿ ತೆರೆದು ಕೂತಿದ್ದ. ಇದೂ ಪರೀಕ್ಷೆಯೇ ಎಂದು ಪಾಪ ಅವನಿಗೆ ಅನುಮಾನ.

ಊಟ ಮುಗಿದು ನೆಂಟರು ಹೋದ ಮೇಲೆ ಹಜರಾ ದೊಡ್ಡ ತಾಮ್ರದ ತಟ್ಟೆಗಳನ್ನು ತೊಳೆಯುತ್ತ ಅತ್ತಳು. “ವರ್ಷ ಬಿಟ್ಟು ವರ್ಷ ಅನ್ನಬಾರ್ದಿತ್ತಾ? ಒಂದು ವರ್ಷ ಅವನು, ಒಂದು ವರ್ಷ ನೀವು. ನಿಮ್ಮ ಆಸೆ ನಂಗೆ ಗೊತ್ತಿಲ್ವಾ?”

“ಒಂದು ವರ್ಷ ತಪ್ಪಿದ್ರೆ ಸಾಕು ಹಜರಾ. ಎರಡನೇ ವರ್ಷ ಅತಿಥಿಗಳು ಅಂತಾರೆ. ಮೂರನೇ ವರ್ಷ ನಿಮ್ಮಪ್ಪನ ಬೆನ್ನು. ನಂಗೂ ಹಾಗೇ ಶುರುವಾಗಿದ್ದು.” ಅವನು ತೊಳೆದ ತಟ್ಟೆಯನ್ನು ಒರೆಸಿ ಇಟ್ಟ. “ಮತ್ತೆ ನಾನು ಹೋದ್ರೆ ನೋಡೋಕೆ ಇರೋದು ಒಂದು ಗೋರಿ. ಅವನಿಗೆ ಅಮ್ಮ ಇದಾಳೆ.”

ಆ ಚಳಿಗಾಲ ಹಾಜಿ ಮಕ್ಬೂಲನ ಜೊತೆ ಮಾತಾಡಲಿಲ್ಲ. ರೊಟ್ಟಿ ಅಂಗಡಿಯವನು ಮಾತ್ರ ಒಂದು ಬೆಳಿಗ್ಗೆ, ಎಂದಿನ ಕುಹಕವಿಲ್ಲದೆ, “ತಗೋ ಮಕ್ಬೂಲ್,” ಎಂದು ರೊಟ್ಟಿ ಸುತ್ತಿಕೊಟ್ಟ. ಮಕ್ಬೂಲ್ ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂದು ತಿರುಗಿ ನೋಡಿದ.

ಮುಂದಿನ ಅಕ್ರೋಟಿನ ಕಾಲಕ್ಕೆ ಮಗಳು ಅಳಿಯನನ್ನು ಅವನೇ ಶಿಕಾರಾದಲ್ಲಿ ಕೂರಿಸಿ ದಂಡೆಗೆ ಬಿಟ್ಟು ಬಂದ. ಆ ಹರುದ್ ಎಂದಿಗಿಂತ ದೀರ್ಘವಾಗಿತ್ತು. ಇನ್ನು ‘ಮುಂದಿನ ವರ್ಷ’ ಎಂಬ ಸುಳ್ಳೂ ಅವನಿಗೆ ಉಳಿದಿರಲಿಲ್ಲ. ಬೆಳಿಗ್ಗೆ ಹಗ್ಗ ಸಡಿಲಿಸುತ್ತ ತಲೆಯೆತ್ತಿದರೆ ನೀರಿನಾಚೆ ನಿಶಾತ್ ಮೊದಲು ಹಳದಿಯಾಯಿತು, ಆಮೇಲೆ ಕೆಂಪಾಯಿತು, ಆಮೇಲೆ ಒಂದು ಗಾಳಿಗೆ ಬರಿದಾಯಿತು. ದಂಡೆಯಲ್ಲಿ ನಡೆಯುವವರ ನಗು ನೀರಿನ ಮೇಲೆ ಹಾದು ದೋಣಿಯವರೆಗೂ ಬರುತ್ತಿತ್ತು. ಅವನಿಗೆ ಹೊಟ್ಟೆಕಿಚ್ಚಾಯಿತು. ಸುಳ್ಳು ಯಾಕೆ, ಅಳಿಯನ ಮೇಲೂ ಆಯಿತು.

ಎಲೆಯೆಲ್ಲ ಉದುರಿದ ಮೇಲೆ ಅವರು ಬಂದರು. ಮಸರತ್‌ಳ ಕೆನ್ನೆ ಬೆಟ್ಟದ ಬಿಸಿಲಿಗೆ ಕಂದಿತ್ತು. ತನ್ವೀರ್ ಒಂದು ಚೀಲ ಅಕ್ರೋಟನ್ನು ಹಾಜಿಯ ಮುಂದಿಟ್ಟು, ಹಜರಾ ಕೊಟ್ಟ ಚಹಾದ ಬಟ್ಟಲನ್ನು ಎರಡೂ ಕೈ ಚಾಚಿ ತೆಗೆದುಕೊಂಡ. ಮೊಣಕೈವರೆಗೂ ಕಪ್ಪು. ಅವನು ಬಚ್ಚಿಡಲಿಲ್ಲ. ಬಚ್ಚಿಡಬೇಕೆಂಬುದೇ ಅವನಿಗೆ ನೆನಪಿದ್ದ ಹಾಗೆ ಕಾಣಲಿಲ್ಲ.

“ಥೂ, ಏನು ಕೈಯೋ ಅದು! ಅತಿಥಿಗಳಿದ್ದಾರೆ, ಹೋಗಿ ತಿಕ್ಕಿ ತೊಳ್ಕೋ,” ಎಂದ ಹಾಜಿ.

“ಬಿಡಿ ಮಾವ,” ಎಂದ ಮಕ್ಬೂಲ್, ಆ ಕೈಗಳಿಂದ ಕಣ್ಣು ತೆಗೆಯದೆ. “ತಿಕ್ಕೋದೇನೂ ಬೇಡ. ಹಿಮ ಬೀಳೋ ಹೊತ್ತಿಗೆ ತಾನಾಗೇ ಹೋಗುತ್ತೆ. ನಂದೂ ಹಾಗೇ ಹೋಗಿತ್ತು. ಮತ್ತೆ ಬರ್ಲೇ ಇಲ್ಲ.”